ಮಲಗಿದ ಜೋಳಕ್ಕೆ ಚರಗ

"ಅಕ್ಕಾರ, ನಿಮ್ಮ ಹೊಲಾ ಎದ್ದೈತ್ರಿ."

ದಸ್ತಗೀರ ಇದನ್ನು ಹೇಳಿದ್ದು ಚಹಾದ ಲೋಟವನ್ನು ಮೇಜಿನ ಮೇಲೆ ಇಡುತ್ತ, ತೊಟ್ಟಿಲಲ್ಲಿ ಕೂಸು ಎದ್ದಿದೆ ನೋಡಿ ಎನ್ನುವ ದನಿಯಲ್ಲಿ. ಕಸ್ತೂರಿಗೂ ಒಂದು ಗಳಿಗೆ ಸಂತೋಷವೇ ಆಯಿತು. ಆಮೇಲೆ ಇದು ಜನವರಿ, ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇಲ್ಲ ಎಂಬುದು ನೆನಪಾಯಿತು.

"ಯಾವ ಹೊಲ?"

"ನಿಮ್ಮತ್ತಿಯಾರದು. ನಲವತ್ತೊಂದನೇ ನಂಬರು. ಸುತ್ತಲೂ ಹಸಿರು ಬಳಿ ತೊಡಿಸಿದಂಗ ಐತಿ, ಬಂದು ನೋಡ್ರಿ."

ಗೋಡೆಯಗಲದ ಪರದೆಯ ಮೇಲೆ ಎರಿಬೂದಿಹಾಳದ ನೂರಾ ಹನ್ನೆರಡು ಹೊಲಗಳು ಬೂದಿಬಣ್ಣದ ಚೌಕಗಳಾಗಿ ಬಿದ್ದಿದ್ದವು. ಹದಿಮೂರು ತಿಂಗಳಿಂದ ಅದೇ ಬೂದಿ. ಕಸ್ತೂರಿ ಬಿರಾದಾರ ಮತ್ತು ಹೊಲಗಳ ಬಣ್ಣ ಅಳೆದು ಪರದೆಗೆ ಕಳಿಸುವ ಕಂಬಗಳನ್ನು ನೋಡಿಕೊಳ್ಳುವ ದಸ್ತಗೀರ, ಇಬ್ಬರಿಗೂ ಸಂಶೋಧನಾ ಕೇಂದ್ರದಲ್ಲಿ ಇದೇ ಕೆಲಸ: ಬೂದಿಬಣ್ಣ ಬೂದಿಯಾಗಿಯೇ ಇದೆಯೇ ಎಂದು ನೋಡುತ್ತ ಕೂಡುವುದು. ಈಗ ನಲವತ್ತೊಂದನೇ ಚೌಕದ ನಾಲ್ಕೂ ಅಂಚಿಗೆ ಎಳೆಯ ಹಸಿರು ಹತ್ತಿತ್ತು.

ಮಲಗುವ ಜೋಳ ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಂಡೆಗಲ್ಲಿನ ಸೀಳಿನಲ್ಲಿ ಬೆಳೆಯುವ ಒಂದು ಹುಲ್ಲಿದೆ. ಬೇಸಿಗೆಯಲ್ಲಿ ಸುಟ್ಟ ಕೂದಲಿನಂತೆ ಸುರುಟಿ ಬಿದ್ದಿರುತ್ತದೆ, ಸತ್ತಿತು ಅಂದುಕೊಳ್ಳುತ್ತೀರಿ, ಒಂದು ಮಳೆ ಬಿದ್ದರೆ ಮರುದಿನಕ್ಕೆ ಹಸಿರು. ಜೀವಕೋಶದಿಂದ ನೀರು ಹೋದ ಜಾಗದಲ್ಲಿ ಒಂದು ಬಗೆಯ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ, ಒಳಗಿನ ಸಾಮಾನುಗಳನ್ನೆಲ್ಲ ಮುರಿಯದಂತೆ ಹಿಡಿದಿಡುತ್ತದೆ. ಡಾಕ್ಟರ್ ಇನಾಮದಾರರು ಹನ್ನೊಂದು ವರ್ಷ ಕೂತು ಆ ಗುಣದ ವಂಶವಾಹಿಗಳನ್ನು ಹಿಂಗಾರಿ ಬಿಳಿಜೋಳದೊಳಗೆ ಸೇರಿಸಿದ್ದರು. ಇಬ್ಬನಿಗೂ ತುಂತುರಿಗೂ ಮೋಸಹೋಗಿ ಏಳದಿರಲಿ ಎಂದು ಎಲೆಗಳಿಗೆ ದಪ್ಪ ಮೇಣದ ಹೊದಿಕೆ ಕೊಟ್ಟಿದ್ದರು. ನಿಜವಾದ ಮಳೆ ಬಂದು ಎಲೆಯ ಕಂಕುಳಲ್ಲಿ ನೀರು ನಿಂತರೆ ಮಾತ್ರ ಎಚ್ಚರ. ಒಂದು ಗಿಡ ಎದ್ದರೆ ಬೇರಿನಿಂದ ಒಂದು ರಸ ಬಿಟ್ಟು ಪಕ್ಕದ್ದನ್ನು ಎಬ್ಬಿಸಬೇಕು, ತೆನೆಯೆಲ್ಲ ಒಟ್ಟಿಗೆ ಬಲಿಯಬೇಕು, ಕೊಯ್ಯುವವರಿಗೆ ತೊಂದರೆಯಾಗಬಾರದು. ಅಷ್ಟು ದೂರ ಯೋಚನೆ ಮಾಡಿದ್ದರು.

ತೊಡಕು ಒಂದೇ. ಏಳುವಾಗ ಆ ಸಕ್ಕರೆ ಖರ್ಚಾಗಿಹೋಗುತ್ತದೆ. ಈ ಜೋಳಕ್ಕೆ ಜನ್ಮದಲ್ಲಿ ಒಂದೇ ನಿದ್ದೆ. ಎದ್ದ ಮೇಲೆ ನೀರಿಲ್ಲದಿದ್ದರೆ ಎರೆಮಣ್ಣಿನ ಆಳದಲ್ಲಿ ಬೇರಿಗೆ ಸಿಗುವ ತೇವದ ಮೇಲೆ ಹತ್ತು ದಿನ ಬದುಕಿ, ಆಮೇಲೆ ಎಲ್ಲ ಗಿಡಗಳಂತೆ ಸಾಯುತ್ತದೆ.

ಹೋದ ವರ್ಷ ತೆನೆ ಹಾಲು ಹಿಡಿಯುವ ಹೊತ್ತಿಗೆ ಮಣ್ಣು ಒಣಗಿ ಊರಿನ ಹೊಲವೆಲ್ಲ ಮಲಗಿತು. ಮೊದಲ ದಿನ ಊರವರು ಚಪ್ಪಾಳೆ ತಟ್ಟಿದರು. ಮುಂಗಾರು ನಾಲ್ಕು ತುಂತುರು ಹಾಕಿ ಹೋಯಿತು, ಹಿಂಗಾರು ಅಷ್ಟೂ ಇಲ್ಲ. ಹಿಂದೆಲ್ಲ ಬೆಳೆ ಒಣಗಿದರೆ ಜನ ಎರಡು ದಿನ ಅತ್ತು, ಕುಂಟೆ ಹೊಡೆದು ಹೊಲ ಹರಗಿ, ಕಬ್ಬು ಕಡಿಯಲು ಗಾಡಿ ಹತ್ತುತ್ತಿದ್ದರು. ಈಗ ಅಳುವಂತಿಲ್ಲ, ಬೆಳೆ ಸತ್ತಿಲ್ಲ. ಹರಗುವಂತಿಲ್ಲ, ಹೋಗುವಂತೆಯೂ ಇಲ್ಲ, ದನ ನುಗ್ಗಿದರೆ? ಕಾಗದದಂತೆ ಸರಸರ ಎನ್ನುವ ಬೂದಿಬಣ್ಣದ ಬೆಳೆಯನ್ನು ಕಾಯುತ್ತ ಊರಿಗೆ ಊರೇ ಬದುವಿನ ಮೇಲೆ ಕೂತುಬಿಟ್ಟಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂಡುತ್ತಾರಲ್ಲ, ಹಾಗೆ.

"ಆರು ಸಲ ಪರೀಕ್ಷೆ ಮಾಡೇವಿ," ಎಂದರು ಇನಾಮದಾರರು ಪರದೆಯ ಮುಂದೆ ನಿಂತು. ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಮನುಷ್ಯ. ಇತ್ತೀಚೆಗೆ ಕೂತಲ್ಲೆಲ್ಲ ಬೂಟು ಬಿಚ್ಚುತ್ತಿದ್ದರು. "ನೀರು ಚಿಮುಕಿಸಿದ್ರ ಏಳೂದಿಲ್ಲ. ಕೊಡಗಟ್ಟಲೆ ಸುರೀಬೇಕು. ಯಾರರೆ ನೀರು ಹಾಯಿಸ್ಯಾರೇನು ಕೇಳ್ರಿ ಮನ್ಯಾಗ."

ಕಸ್ತೂರಿ ದಸ್ತಗೀರನ ಗಾಡಿಯ ಹಿಂದೆ ಕೂತು ಮನೆಗೆ ಬಂದಾಗ ಅತ್ತೆ ಬಂಗಾರೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಮೊರದಲ್ಲಿ ರೇಷನ್ ಅಕ್ಕಿ ಆರಿಸುತ್ತಿದ್ದಳು.

"ಅತ್ತಿ, ಹೊಲಕ್ಕ ನೀರು ಹಾಕೀರೇನು?"

"ಕುಡ್ಯಾಕ ನೀರಿಲ್ಲ, ಹೊಲಕ್ಕ ಎಲ್ಲಿಂದ ತರಲಿ? ನಿನ್ನ ಗಂಡ ಟ್ಯಾಂಕರ್ ತುಂಬಿಸಿ ಊರೂರಿಗೆ ಒಯ್ತಾನ, ಮನಿಗೆ ಬಂದ್ರ ಎರಡು ಕೊಡ. ಅದೂ ಎಣಿಸಿ."

"ಮತ್ತ ಹೆಂಗ ಎದ್ದೈತಿ?"

ಮೊರ ನಿಂತಿತು. ಮುದುಕಿಯ ಮುಖದಲ್ಲಿ ಹದಿಮೂರು ತಿಂಗಳಲ್ಲಿ ಕಾಣದ್ದು ಏನೋ ಒಂದು ಹಾದುಹೋಯಿತು. "ಎದ್ದೈತೇನ! ಖರೇನ? ನಾ ಹೇಳಿದ್ದಿಲ್ಲಾ? ಹಸಕೊಂಡ ಬಸುರಿ ಹೆಂಗ ಏಳತಾಳ? ಉಂಡ್ಲು, ಎದ್ಲು."

"ಏನು ಉಂಡ್ಲು?"

"ಚರಗಾ."

ಕಸ್ತೂರಿ ಹಣೆಗೆ ಕೈಯಿಟ್ಟು ಹೊಸ್ತಿಲ ಮೇಲೆಯೇ ಕೂತಳು. ಮೂರು ದಿನದ ಹಿಂದೆ ಎಳ್ಳು ಅಮಾವಾಸ್ಯೆಯ ದಿನ ಅವಳಿಗೆ ಕೇಂದ್ರದಲ್ಲಿ ಪಾಳಿ ಇತ್ತು. ಆ ದಿನ ಈ ಸೀಮೆಯಲ್ಲಿ ಹೊಲಕ್ಕೆ ಸೀಮಂತ. ಬೆಳೆ ಹೊತ್ತ ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಉಣಿಸಬೇಕು. ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಎರಚುತ್ತ ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಳ್ಳಾಂಬರಿಗೋ" ಎಂದು ಓಗೊಡಬೇಕು.

"ಹ್ವಾದ ವರ್ಷ ಅಮಾಸಿ ಹೊತ್ತಿಗೆ ಆಗ ತಾನ ಮಲಗಿತ್ತು, ಎಬ್ಬಿಸಬಾರದು ಅಂತ ಸುಮ್ಮನಾದ್ವಿ. ಈ ವರ್ಷನೂ ಯಾರೂ ಹೋಗಲಿಲ್ಲ. ಮಂದಿಗೆ ಬ್ಯಾಸರಾಗೈತಿ. ನನಗ ತಡೀಲಿಲ್ಲ. ಒಬ್ಬಾಕೀನ ಹೋದೆ. ಕೂಗೂದೂ ನಾನ, ಓಗೊಡೂದೂ ನಾನ. ನಾಕು ಎಕರೆ ಸುತ್ತು ಬರೂದ್ರಾಗ ಗಂಟಲಾ ಕಟ್ಟಿತು."

"ನೀರು ಹಾಕಬ್ಯಾಡ್ರಿ ಅಂತ ಮನಿಮನಿಗೆ ಚೀಟಿ ಕೊಟ್ಟಿದ್ವಿ, ಅತ್ತಿ."

"ಚೀಟಿ ನೀನ ಬರದಿದ್ದಿ. ನನ್ನ ಮುಂದ ಓದಿದ್ದಿ. 'ನೀರು ಹಾಯಿಸಬೇಡಿ' ಅಂತ ಬರದಿದ್ದಿ. ಉಣ್ಣಾಕ ಹಾಕಬ್ಯಾಡ್ರಿ ಅಂತ ಬರದಿದ್ದೇನು?"

ಬರೆದಿರಲಿಲ್ಲ. ಕಸ್ತೂರಿ ಇದೇ ಸೀಮೆಯಲ್ಲಿ ಹುಟ್ಟಿದವಳು, ಚಿಕ್ಕಂದಿನಲ್ಲಿ ಓಗೊಟ್ಟು ಓಗೊಟ್ಟು ದನಿ ಕಳೆದುಕೊಂಡವಳು. ಚೀಟಿ ಬರೆಯಲು ಕೂತಾಗ ಮಾತ್ರ ಮೋಟಾರು, ಕಾಲುವೆ, ಪೈಪು ಇವೇ ನೆನಪಾಗಿದ್ದವು.

"ಚರಗಕ್ಕ ಏನೇನು ಕಲಸಿದ್ರಿ?"

"ಎಲ್ಲಾ. ಸಜ್ಜಿ ಕಡಬು, ಪುಂಡಿಪಲ್ಯ, ಎಣ್ಣಿಗಾಯಿ, ಬಾನಾ. ಹುಳಿ ಮಜ್ಜಿಗಿ ಒಂದು ಚರಗಿ. ಎಣ್ಣಿ ಸ್ವಲ್ಪ ಕೈ ಬಿಟ್ಟ ಹಾಕಿದ್ದೆ ಬದನಿಕಾಯಿಗೆ. ಎರಡು ವರ್ಷದ ಹಸಿವು, ಜಿಪುಣತನಾ ಮಾಡಬಾರದು ಅಂತ."

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಇನಾಮದಾರರು ಈ ಪಟ್ಟಿಯನ್ನು ಔಷಧ ಚೀಟಿ ಕೇಳುವಷ್ಟು ಗಮನದಿಂದ ಕೇಳಿದರು. ಅತ್ತೆ ಬುತ್ತಿಗೆ ಕಟ್ಟಿಕೊಟ್ಟಿದ್ದ ಎಣ್ಣೆಗಾಯಿಯಿಂದಲೇ ಚಮಚದಷ್ಟು ರಸ ತೆಗೆದು, ಮಜ್ಜಿಗೆಯಲ್ಲಿ ಕದಡಿ, ಕುಂಡದಲ್ಲಿ ಮಲಗಿದ್ದ ಒಂದು ಗಿಡದ ಎಲೆಯ ಬುಡಕ್ಕೆ ಹನಿಸಿದರು.

"ಜೋಡಿಗೆ ಒಂದು ರೊಟ್ಟಿ ಕೊಡ್ಲೇನ್ರಿ ಸರ?" ಎಂದ ದಸ್ತಗೀರ. ನಗಿಸಲು ಹೇಳಿದ್ದಲ್ಲ, ಸುಮ್ಮನೆ ಕೂಡಲಾಗದೆ ಹೇಳಿದ್ದು.

ಮುಕ್ಕಾಲು ಗಂಟೆಗೆ ಇನಾಮದಾರರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು. ಕುದಿಸಿದ ಎಣ್ಣೆ ಮೇಣವನ್ನು ಮೆತ್ತಗೆ ಮಾಡಿತ್ತು. ಹುಳಿ ಆ ಮೆತ್ತಗಾದ ಜಾಗದಲ್ಲಿ ದಾರಿ ಕೊರೆದಿತ್ತು. ಹೊಲದಲ್ಲಿ ಕಡುಬಿನ ಹಿಟ್ಟೂ ಅಂಟಿನಂತೆ ಕೂತು ತೇವ ಹಿಡಿದಿಟ್ಟಿರಬೇಕು. ಹನ್ನೊಂದು ವರ್ಷದ ಬೀಗಕ್ಕೆ ಬದನೆಕಾಯಿಯ ಕೀಲಿ.

"ಇಬ್ಬನಿ ನೋಡಿದೆ, ತುಂತುರು ನೋಡಿದೆ, ಉಪ್ಪು ನೀರೂ ನೋಡಿದೆ," ಎಂದರು ಬೂಟು ಬಿಚ್ಚುತ್ತ. "ಊಟಾ ನೋಡಲಿಲ್ಲ, ಕಸ್ತೂರಿಬಾಯಿ."

"ಈಗ ಏನು ಮಾಡೂದ್ರಿ?"

"ನೀರು ಕೊಡಬೇಕಂದ್ರ ನಾಕು ಎಕರೆಗೆ ನೂರಾ ಅರವತ್ತು ಟ್ಯಾಂಕರು. ಅದು ಒಂದ ಸಲಕ್ಕ. ಕಾಳು ಬಲಿಯೂದ್ರಾಗ ಎರಡು ಸಲ ಬೇಕು."

ಕುಡಿಯುವ ನೀರು ಊರಿಗೆ ವಾರಕ್ಕೆ ಎರಡು ಟ್ಯಾಂಕರು. ಕಸ್ತೂರಿ ಲೆಕ್ಕ ಹಾಕುವ ಗೋಜಿಗೇ ಹೋಗಲಿಲ್ಲ.

"ಎದ್ದದ್ದನ್ನ ಕೀಳಬೇಕು. ಬೇರು ಸಮೇತ. ಅದರ ಒಳಗಿನ ಆರು ಸಾಲು ಮಲಗಿದ್ದೂ ಕೀಳಬೇಕು, ರಸಾ ಅಲ್ಲೀತನಕ ಹೋಗಿರತದ. ಹಂಗ ಮಾಡಿದ್ರ ನಡುವಿನ ಎರಡೂವರೆ ಎಕರೆ ಉಳೀತದ. ಇಲ್ಲಂದ್ರ..." ಅವರು ಪರದೆಯ ಕಡೆ ಕೈ ಮಾಡಿದರು. "ಬದು ಎರಡು ಅಡಿ. ಬೇರು ಬದುವಿನ ಕೆಳಗ ಹೋಗತಾವ. ನಾಡಿದ್ದಿಗೆ ಪಕ್ಕದ ಹೊಲ."

"ದ್ಯಾಮವ್ವಂದು."

"ಅದರ ಮುಂದಿನದು. ಅದರ ಮುಂದಿನದು." ಆಮೇಲೆ ಕೇಳಿದರು: "ನಿಮ್ಮತ್ತಿಯಾರು ಒಪ್ತಾರೇನು?"

ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದಾಗ ಬಂಗಾರೆವ್ವ ಆಗಲೇ ಅಲ್ಲಿದ್ದಳು. ಅಂಚಿನ ಸಾಲುಗಳಲ್ಲಿ ಎಲೆಗಳು ಬಿಚ್ಚಿಕೊಂಡಿದ್ದವು. ತೆನೆಗಳು ತಲೆ ಎತ್ತಿದ್ದವು. ಊರಿಗೆ ಊರೇ ಬೂದಿಯಾಗಿರುವಾಗ ಆ ಹಸಿರು ಕಣ್ಣಿಗೆ ಚುಚ್ಚುತ್ತಿತ್ತು. ಮುದುಕಿ ಒಂದು ತೆನೆಯನ್ನು ಎರಡು ಬೆರಳಲ್ಲಿ ಹಿಡಿದು, ಬಾಣಂತಿಯ ಕೂಸನ್ನು ನೋಡುವ ಹೆಂಗಸರು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಳು.

ಇನಾಮದಾರರು ಎಲ್ಲವನ್ನೂ ಬಿಡಿಸಿ ಹೇಳಿದರು. ಸಕ್ಕರೆ, ಮೇಣ, ಬೇರಿನ ರಸ. ಅವಳು ಪೂರ್ತಿ ಕೇಳಿದಳು.

"ಸಾಹೇಬ್ರ, ನಿಮ್ಮ ವಿದ್ಯಾ ದೊಡ್ಡದು. ಆದ್ರ ನಾ ಕೀಳೂದಿಲ್ಲ."

"ಹತ್ತು ದಿನಕ್ಕ ಸಾಯ್ತಾವಮ್ಮಾ ಇವು."

"ಸಾಯಲಿ. ಎಲ್ಲಾ ಏಳಲಿ, ಎಲ್ಲಾ ಸಾಯಲಿ. ಹತ್ತು ದಿನಾ ಹಸಿರು ನೋಡತೀನಿ, ಆಮ್ಯಾಲ ಒಂದಿನಾ ಕೂತು ಅಳತೀನಿ, ಮರುದಿನಾ ಹರಗತೀನಿ. ಸತ್ತ ಬೆಳಿ ಎಷ್ಟು ನೋಡಿಲ್ಲ ನಾ! ಸತ್ತದ್ದಕ್ಕ ಅತ್ತು ಕೈ ತೊಳಕೊಂಡ್ವಿ. ಇದಕ್ಕ ಅಳಾಕೂ ಬರೂದಿಲ್ಲ, ಬಿಡಾಕೂ ಬರೂದಿಲ್ಲ. ಹದಿಮೂರು ತಿಂಗಳಾತು, ನನ್ನ ತಂಗಿ ಮನಿ ಮದಿವಿಗೆ ಹೋಗಿಲ್ಲ. ಅದು ಮಲಗೈತಿ ಅಂತ ನಾ ಎಚ್ಚರದೀನಿ."

ಇನಾಮದಾರರು ಬದುವಿನ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಹೊಲ ಅವಳದು, ಬಲವಂತ ಮಾಡುವ ಹಕ್ಕು ಕೇಂದ್ರಕ್ಕೂ ಇರಲಿಲ್ಲ.

ಕಸ್ತೂರಿಗೂ ಸಾಕಾಗಿತ್ತು. ಅತ್ತೆ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಅವಳಿಗೇ ಅನಿಸಿಬಿಟ್ಟಿತ್ತು. ಬದುವಿನ ಆಚೆ ದ್ಯಾಮವ್ವನ ಹೊಲ ಬೂದಿಯಾಗಿ ನಿಂತಿತ್ತು. ಅದನ್ನು ನೋಡುತ್ತ ಮೆಲ್ಲಗೆ ಹೇಳಿದಳು:

"ಅತ್ತಿ, ಇದು ನಿಮ್ಮ ಬದುವಿಗೆ ನಿಲ್ಲೂದಿಲ್ಲ. ಕೆಳಗಿಂದ ಕೆಳಗ ದ್ಯಾಮಕ್ಕನ ಹೊಲಕ್ಕ ಹೋಗತೈತಿ. ನಾಳಿ ಅದೂ ಏಳತೈತಿ."

"ಆಕಿ ಚರಗಾ ಚೆಲ್ಲಿಲ್ಲಲ್ಲ."

"ನೀವು ಚೆಲ್ಲಿದ್ದ ಆಕೀಗೂ ಮುಟ್ಟತೈತಿ. ಅಲ್ಲಿಂದ ಮುಂದ ಊರಿಗೆಲ್ಲಾ."

ಬಂಗಾರೆವ್ವ ತೆನೆಯನ್ನು ಬಿಟ್ಟಳು. ಬದುವಿನ ಮೇಲೆ ಹತ್ತಿ ನಿಂತು ಆಚೆಗೊಮ್ಮೆ ಈಚೆಗೊಮ್ಮೆ ನೋಡಿದಳು. ಎರಡು ಅಡಿ ಬದುವನ್ನು ಕಾಲಿಂದ ಅಳೆದಳು, ಯಾರೋ ಸುಳ್ಳು ಹೇಳಿರಬಹುದು ಎನ್ನುವಂತೆ. ಆಮೇಲೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನ್ನ ಹೊಲದ್ದು ನನ್ನ ಹಣೇಬಾರ. ಮಂದಿ ಬಸುರು ಕೆಡಸಾಕ ನಾ ಯಾರು? ನಡೀರಿ."

ಮೊದಲ ಗಿಡ ಅವಳೇ ಕಿತ್ತಳು. ಎರೆಮಣ್ಣು ಕಲ್ಲಾಗಿತ್ತು, ಬುಡವನ್ನು ಕುಡುಗೋಲಿನಿಂದ ಬಿಡಿಸಿ, ಒಂದೇ ಕಡೆ ಬಾಗಿಸಿ ಎಳೆಯಬೇಕಿತ್ತು. ಇನಾಮದಾರರೂ ಅಂಗಿಯ ತೋಳು ಮಡಚಿ ಇಳಿದರು. ಎರಡನೇ ಗಿಡಕ್ಕೇ ಎಲೆಯ ಅಂಚು ಅಂಗೈ ಕೊಯ್ದಿತು.

"ಹಂಗ ಜಗ್ಗಬ್ಯಾಡ್ರಿ ಸಾಹೇಬ್ರ, ಒಳಗಿಂದು ಅಲಗ್ಯಾಡತೈತಿ. ಮಲಗಿದವ್ರ ಹಾಸಿಗಿ ಎಳದಂಗ ಮಾಡ್ತೀರಲ್ಲ. ನಿಮ್ಮ ಕೈಲೇ ಬೆಳಸೀರಿ ಅಂತಾರ, ಕೀಳಾಕ ಯಾರೂ ಕಲಿಸಿಲ್ಲೇನು?"

"ಇಲ್ರಿ. ಬರೇ ಕುಂಡದಾಗಿಂದು ಕಿತ್ತೇನಿ."

"ಕುಂಡದಾಗ!" ಎಂದಳು ಮುದುಕಿ, ಬೈಗುಳದಂತೆ.

ದ್ಯಾಮವ್ವನೂ ಬಂದಳು. ಏನು, ಯಾಕೆ ಎಂದು ಕೇಳಿ ತಿಳಿದುಕೊಂಡಳು. ಬೈಯಬೇಕೆಂದು ಬಾಯಿ ತೆರೆದವಳು ಬಂಗಾರೆವ್ವನ ಮುಖ ನೋಡಿ ಒಂದು ಸಾಲು ಹಿಡಿದಳು. ಕಿತ್ತ ಹಸಿರು ಬದುವಿನುದ್ದಕ್ಕೂ ರಾಶಿ ಬಿತ್ತು.

"ಎಮ್ಮಿಗಿ ಹಾಕೋಣೇನ ಅವ್ವಾ? ಎಷ್ಟು ದಿನಾ ಆತು ಹಸೀದು ಕಂಡು," ಎಂದ ದಸ್ತಗೀರ.

"ಬಾಡಿ ಚಿಗತ ಜ್ವಾಳದಾಗ ನಂಜು ಇರತೈತೋ ಮಾರಾಯಾ. ಎಮ್ಮಿ ಸಾಯತಾವ. ಅದೂ ನಮ್ಮ ದೈವದಾಗ ಇಲ್ಲ, ಕೀಳು."

ಒಂದೂವರೆ ಎಕರೆ ಕೀಳಲು ಎರಡು ದಿನ ಹಿಡಿಯಿತು. ಎರಡನೆಯ ದಿನ ಮೂರು ಗಂಟೆಯ ಹೊತ್ತಿಗೆ ಕೊನೆಯ ಸಾಲು ಮುಗಿದಾಗ ಯಾರಿಗೂ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಕಸ್ತೂರಿ ಮೊಬೈಲಿನಲ್ಲಿ ಚೌಕ ನೋಡಿದಳು. ನಲವತ್ತೊಂದರಲ್ಲಿ ಹಸಿರು ಇರಲಿಲ್ಲ. ಸುತ್ತ ಬರಿಮಣ್ಣಿನ ಪಟ್ಟಿ, ನಡುವೆ ಎರಡೂವರೆ ಎಕರೆ ಬೂದಿ. ನಲವತ್ತೆರಡೂ ಬೂದಿಯೇ. ಹದಿಮೂರು ತಿಂಗಳಿಂದ ನೋಡಿ ನೋಡಿ ಹೇಸಿಗೆ ಬಂದಿದ್ದ ಆ ಬಣ್ಣವನ್ನು ನೋಡಿ ಅವಳಿಗೆ ಅಳು ಬಂತು.

ಬಂಗಾರೆವ್ವ ಆಗಲೇ ರಾಶಿಯಿಂದ ಹಾಲುಗಾಳಿನ ತೆನೆ ಆರಿಸಿ ಮುರಿಯುತ್ತಿದ್ದಳು. ಕಾಳಿಗೆ ನಂಜಿಲ್ಲ ಎಂದು ಇನಾಮದಾರರು ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ಸಗಣಿ ಕುಳ್ಳಿನ ಬೆಂಕಿಯಲ್ಲಿ ತೆನೆ ಸುಟ್ಟು, ಗೋಣಿಚೀಲದ ಮೇಲೆ ತಿಕ್ಕಿ ಉದುರಿಸಿ, ಊದಿ ಹೊಟ್ಟು ಹಾರಿಸಿ, ಬಿಸಿಬಿಸಿ ಸೀತನಿಯನ್ನು ಎಲ್ಲರ ಬೊಗಸೆಗೂ ಹಾಕಿದಳು. ಬೆಳೆದ ಊರಾಗಲಿ, ಬೆಳೆಸಿದ ವಿಜ್ಞಾನಿಯಾಗಲಿ ಆ ಜೋಳವನ್ನು ಹೊಲದಲ್ಲಿ ಕೂತು ತಿಂದದ್ದು ಅದೇ ಮೊದಲು.

"ಹೆಂಗೈತ್ರಿ?" ಎಂದು ಕೇಳಿದಳು ದ್ಯಾಮವ್ವ.

ಇನಾಮದಾರರು ಬಹಳ ಹೊತ್ತು ಅಗಿದರು. "ಸಿಹಿ ಭಾಳ ಆಗೇದ."

"ಬೆಲ್ಲಾ ಹಾಕಿದಂಗ ಐತಿ. ಯಾಕ?"

"ಮಲಗಿಸಿತ್ತಲ್ಲ, ಆ ಸಕ್ಕರಿ. ಇನ್ನೂ ಪೂರ್ತಿ ಖರ್ಚಾಗಿಲ್ಲ."

"ಹಂಗಾದ್ರ ನಿದ್ದೀನ ತಿನ್ನಾಕತ್ತೇವಿ," ಎಂದಳು ಬಂಗಾರೆವ್ವ. "ಹದಿಮೂರು ತಿಂಗಳದ್ದು, ಒಂದ ಹೊತ್ತಿಗೆ." ಮತ್ತೊಂದು ಹಿಡಿ ಎಲ್ಲರಿಗೂ ಬಂತು.

ಕಸ್ತೂರಿ ಚೀಲದಿಂದ ಹಳೆಯ ಚೀಟಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಚರಗ ಉಂಡು ಹೊಲ ಎದ್ದ ಸುದ್ದಿ ಹಬ್ಬುವ ಮೊದಲು, ಉಳಿದ ನೂರಾ ಹನ್ನೊಂದು ಹೊಲದವರ ಮನೆಗಳಿಗೆ ನಾಳೆಯೇ ಹೊಸದು ಹೋಗಬೇಕು. 'ಚರಗ ಚೆಲ್ಲಬಾರದು' ಎಂಬಲ್ಲಿಯವರೆಗೆ ಬರೆದು ಓದಿದಳು.

"ಹೊಡದ ಹಾಕ ಅದನ್ನ," ಎಂದಳು ಅತ್ತೆ. "ಚರಗಾ ಬ್ಯಾಡ ಅಂದ್ರ ಯಾರು ಕೇಳತಾರ? ನಾ ಕೇಳತೀನೇನು?"

"ಮತ್ತ ಏನ ಬರೀಲಿ? ನೀರಿಲ್ಲದ ಒಣ ಚರಗ ಚೆಲ್ಲರಿ ಅಂತ?"

"ಬಸುರಿಗೆ ಒಣ ರೊಟ್ಟಿ ತಿನಿಸಿ ನೀರು ಕೊಡಬ್ಯಾಡ ಅಂತೀಯೇನ? ನಿನ್ನ ಬಾಯಾಗ ಅಂಥ ಮಾತು ಬರಬಾರದು." ಮುದುಕಿ ಹೊಟ್ಟು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನಡುವಿನ ಬೂದಿಯ ಕಡೆ ನೋಡಿದಳು. "ಬದುವಿನ ಮ್ಯಾಲ ಇಡ್ರಿ ಅಂತ ಬರಿ. ಎಲ್ಲಾ ಇಡ್ರಿ, ನೀರೂ ಇಡ್ರಿ. ಒಳಗ ಎರಚಬ್ಯಾಡ್ರಿ. ಎದ್ದ ಮ್ಯಾಲ ತಾನ ಬಂದು ಉಣತೈತಿ ಅಂತ ಬರಿ."

"'ತಾನ ಬಂದು ಉಣತೈತಿ' ಅಂತ ಸರಕಾರಿ ಚೀಟ್ಯಾಗ ಹೆಂಗ ಬರಿಯೂದು, ಅತ್ತಿ?"

"ಬರೀರಿ," ಎಂದರು ಇನಾಮದಾರರು. "ನಾ ಸಹಿ ಮಾಡ್ತೇನಿ."

ಕಸ್ತೂರಿ ಬರೆದಳು. ಅವಳು ಬರೆಯುವುದನ್ನು ಉಳಿದವರು ಬಗ್ಗಿ ನೋಡುತ್ತಿದ್ದಾಗ ಇನಾಮದಾರರು ಎದ್ದರು. ಬರಿಗಾಲಲ್ಲೇ ಬದುವಿನ ತುದಿಯವರೆಗೆ ನಡೆದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂದಿರುಗಿ ನೋಡಿ, ಗಾಯದ ಅಂಗೈಯಲ್ಲಿ ಉಳಿದಿದ್ದ ಅರ್ಧ ಹಿಡಿ ಸೀತನಿಯನ್ನು ಒಣ ಮಣ್ಣಿನ ಮೇಲೆ ಮೆಲ್ಲಗೆ ಸುರಿದರು.